ಅತ್ತೆಯವರ ಕಾರು ಬೆಟ್ಟ ಇಳಿದದ್ದು

ನನ್ನ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ನಮ್ಮ ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನೊಡನೆ ನೇರವಾಗಿ ಆಡಿದ ಮಾತುಗಳನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ಜಗಳವೇನೂ ಇರಲಿಲ್ಲ. ಅವರ ಕಡೆಯ ಹಿರಿಯ ಹೆಂಗಸರು ಅಳಿಯನ ಮುಖ ನೋಡಿ ಮಾತಾಡುವುದಿಲ್ಲ, ಅಷ್ಟೇ. ಅವರೇನೂ ಅಂಜುಬುರುಕಿಯಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರನ್ನೇ ನಿಲ್ಲಿಸಿಕೊಂಡು ಪ್ರಶ್ನೆ ಕೇಳಿದವರು. ಅಳಿಯನೆಂದರೆ ಮಾತ್ರ ಬಾಗಿಲ ಮರೆ. ನನಗೆ ಕಾಫಿ ಬೇಕೇ ಎಂದು ತಿಳಿಯಬೇಕಾದರೆ, ನಾನು ಎದುರಿಗೇ ಕೂತಿದ್ದರೂ ಅಡುಗೆಮನೆಯಿಂದ ಮಗಳನ್ನು ಕರೆದು, "ಅವರಿಗೆ ಕಾಫಿ ಬೇಕಾ ಕೇಳೆ" ಎನ್ನುವರು. ನಾನೂ ಹೆಂಡತಿಯ ಕಡೆ ತಿರುಗಿ, "ಅರ್ಧ ಲೋಟ ಸಾಕು ಅನ್ನು" ಎನ್ನುವೆ. ಅವಳು ಇಬ್ಬರ ಮುಖವನ್ನೂ ನೋಡಿ ಎದ್ದು ಹೋಗುವಳು.

ಇಂಥವರು ನನಗೆ ಕಾರು ಓಡಿಸುವುದನ್ನು ಕಲಿಸಬೇಕಾಗಿ ಬಂತು.

ಕಾರು ನನಗಿಂತ ಹಿರಿಯದು. ಇಂಗ್ಲೆಂಡಿನಲ್ಲಿ ಹುಟ್ಟಿ, ಹಡಗಿನಲ್ಲಿ ಬಂದು, ಯಾರ ಯಾರ ಕೈಗೋ ಹೋಗಿ, ಕೊನೆಗೆ ನಮ್ಮ ಮಾವನವರ ಕೈ ಸೇರಿತ್ತು. ಕೈ ಸೇರಿತ್ತು ಎನ್ನುವುದೂ ತಪ್ಪೇ, ಏಕೆಂದರೆ ಮಾವನವರಿಗೆ ಓಡಿಸಲು ಬರುತ್ತಿರಲಿಲ್ಲ. ಅತ್ತೆಯವರು ಸ್ಟೀರಿಂಗ್ ಹಿಡಿಯುವುದು, ಮಾವನವರು ಎಡಗಡೆ ಕೂತು ಪೇಪರ್ ಓದುವುದು. ಮೈಸೂರಿನ ನಜರ್‌ಬಾದಿನಲ್ಲಿ, ಅವರ ಬೀದಿಯ ಹಳಬರು ಈಗಲೂ ಅದನ್ನು ನೆನೆಸಿಕೊಂಡು ನಗುತ್ತಾರೆ. ಆಮೇಲೆ ಯಾವುದೋ ಒಂದು ಭಾಗ ಸಿಗದೆ ಕಾರು ಹಿತ್ತಲ ಶೆಡ್ಡಿನಲ್ಲಿ ಟಾರ್ಪಾಲಿನಡಿ ಮಲಗಿತು. ಇಪ್ಪತ್ತು ವರ್ಷ ಬೆಕ್ಕುಗಳು ಅದರ ಹಿಂದಿನ ಸೀಟಿನಲ್ಲಿ ಮರಿ ಹಾಕಿದವು. ಮಾವನವರು ತೀರಿಕೊಂಡ ಮರುವರ್ಷ ಅತ್ತೆಯವರು ಪಕ್ಕದ ಬೀದಿಯ ಮೇಸ್ತ್ರಿಯನ್ನು ಕರೆಸಿ, "ಇದು ಓಡಬೇಕು" ಎಂದರು. ಮೇಸ್ತ್ರಿ ಮೂರು ವರ್ಷ ತೆಗೆದುಕೊಂಡರು. ತಗಡು ಕತ್ತರಿಸಿ ಹಾಕಿದರು, ಎಂಜಿನ್ ಬಿಚ್ಚಿ ಜೋಡಿಸಿದರು, ಮೇಲೆ ಕೆನೆಬಣ್ಣ, ಕೆಳಗೆ ಕಡುಹಸಿರು ಹೊಡೆದರು. ಎಡಕ್ಕೋ ಬಲಕ್ಕೋ ತಿರುಗುವಾಗ ಬಾಗಿಲ ಕಂಬದಿಂದ ಗಿಳಿಯ ರೆಕ್ಕೆಯಂತೆ ಹೊರಬರುವ ಕಿತ್ತಳೆ ಬಣ್ಣದ ಪುಟ್ಟ ಕೈಯನ್ನೂ ಸರಿಮಾಡಿದರು.

ಕಾರು ಮದುವೆ ಗಂಡಿನ ಹಾಗೆ ಮನೆಯ ಮುಂದೆ ಬಂದು ನಿಂತ ತಿಂಗಳಲ್ಲೇ ಕಣ್ಣಿನ ಡಾಕ್ಟರು ಅತ್ತೆಯವರಿಗೆ ಹೇಳಿದರು: ಕಣ್ಣಿನ ನರ ಸೊರಗುತ್ತಿದೆ, ಪಕ್ಕದ ನೋಟ ಹೋಗಿದೆ, ಎದುರಿನದು ಇರುವಷ್ಟು ದಿನ ಇರುತ್ತದೆ, ಇನ್ನು ಗಾಡಿ ಓಡಿಸುವ ಮಾತಿಲ್ಲ. ಬಳೆಯೊಳಗಿಂದ ಇಣುಕಿದ ಹಾಗೆ ಲೋಕ ಕಾಣುತ್ತದೆ ಎಂದು ಅವರು ಮಗಳಿಗೆ ಹೇಳಿದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡೆ.

ಓಡಿಸುವವರು ಯಾರು? ಹೆಂಡತಿಗೆ ಕಾರು ಚೆನ್ನಾಗಿ ಬರುತ್ತದೆ, ಆದರೆ ಎಡ ಮಂಡಿಯ ಆಪರೇಷನ್ ಆಗಿದೆ. ಈ ಕಾರಿನ ಕ್ಲಚ್ಚೋ ಲಾರಿಯದರ ಹಾಗೆ. ಅವಳದು ಕ್ಲಚ್ಚೇ ಇಲ್ಲದ ಹೊಸ ಕಾರು. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ರೂಮು ಬಾಡಿಗೆ ಕೊಡುವ ನನ್ನ ಭಾವಮೈದ ಬೇರೆಯೇ ಯೋಚನೆ ಮಾಡಿದ್ದ. ಅವನ ಸ್ನೇಹಿತನೊಬ್ಬನ ರೆಸಾರ್ಟಿದೆ. ಅದರ ಹುಲ್ಲುಹಾಸಿನ ಮೇಲೆ ಕಾರನ್ನು ನಿಲ್ಲಿಸಿ, ಬಾನೆಟ್ ತೆರೆದು, ಒಳಗೆ ಹೂವಿನ ಕುಂಡ ಇಟ್ಟರೆ ಜನ ಮುಂದೆ ನಿಂತು ಫೋಟೊ ಹಿಡಿಸಿಕೊಳ್ಳುತ್ತಾರಂತೆ.

"ಅಮ್ಮಾ, ಅದು ಓಡ್ಸೋ ಗಾಡಿ ಅಲ್ಲ ಕಣಮ್ಮ ಈಗ, ನೋಡೋ ಗಾಡಿ," ಎಂದ.

ಅತ್ತೆಯವರು ಹೇಳಿದರು: "ನಿಂತ ಗಾಡಿ ನೋಡ್ಕೊಂಡಿರಕ್ಕೆ ನನ್ನ ಕೈಲಾಗಲ್ಲ. ಪಿತೃಪಕ್ಷ ಹಿಡಿಯೋದ್ರೊಳಗೆ ಈ ಮನೆಯವರು ಯಾರಾದ್ರೂ ನನ್ನನ್ನ ಕೂರಿಸ್ಕೊಂಡು ಬೆಟ್ಟ ಹತ್ತಿಸಿ ಇಳಿಸಿದ್ರೆ ಅದು ಇಲ್ಲೇ ಇರತ್ತೆ. ಇಲ್ದಿದ್ರೆ ನಿನ್ನ ಸ್ನೇಹಿತನಿಗೆ ಲಾರಿ ತರಕ್ಕೆ ಹೇಳು. ನಾನು ಒಳಗೆ ಹೋಗಿ ಕೂತ್ಕೋತೀನಿ." ಆಮೇಲೆ ಫ್ಯಾನಿನ ಕಡೆ ನೋಡುತ್ತ, "ಅವರ ಹತ್ರ ಲೈಸೆನ್ಸ್ ಇದೆ ಅಲ್ವಾ?" ಎಂದರು.

ಇತ್ತು. ಅದೇ ತೊಂದರೆ. ಮದುವೆಯಾದ ಹೊಸದರಲ್ಲಿ ಡ್ರೈವಿಂಗ್ ಸ್ಕೂಲಿನವರ ಪಕ್ಕ ಕೂತು ಒಂದು ಎಂಟಿನ ಆಕಾರ ಹಾಕಿ ಗಿಟ್ಟಿಸಿದ ಲೈಸೆನ್ಸು. ಅಂದಿನಿಂದ ನಾನು ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸಿಲ್ಲ. ಕಾರಣವಿದೆ. ನಾನು ವಿಮಾ ಕಚೇರಿಯೊಂದರಲ್ಲಿ ಅಪಘಾತದ ಫೈಲು ನೋಡುವವನು. "ಬ್ರೇಕ್ ಹಿಡಿಯಲಿಲ್ಲ ಸ್ವಾಮಿ" ಎಂಬ ಒಂದೇ ವಾಕ್ಯವನ್ನು ಇಪ್ಪತ್ತಾರು ವರ್ಷಗಳಿಂದ ನೂರಾರು ಕೈಬರಹಗಳಲ್ಲಿ ಓದುತ್ತ ಬಂದಿದ್ದೇನೆ. ಮನೆ ಬಿಡುವಾಗ ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುತ್ತೇನೆ. ಬೀದಿಯ ತುದಿ ತಲುಪಿದ ಮೇಲೆ, ಮುಟ್ಟುವಾಗ ತಿರುಗಿಸಿಬಿಟ್ಟೆನೇನೋ ಎಂದು ವಾಪಸು ಬರುತ್ತೇನೆ. ಇಂಥವನಿಗೆ ಆಗಲ್ಲ ಎನ್ನುವ ಧೈರ್ಯವೂ ಇರಬೇಕಲ್ಲ. "ಇದೆ ಅನ್ನು" ಎಂದೆ ಹೆಂಡತಿಗೆ.

ಬೆಳಿಗ್ಗೆ ಆರಕ್ಕೆ ಲಲಿತಮಹಲ್ ರಸ್ತೆಯ ಹೆಲಿಪ್ಯಾಡ್ ಮೈದಾನದಲ್ಲಿ ಪಾಠ. ನಾನು ಸ್ಟೀರಿಂಗಿನ ಹಿಂದೆ, ಎಡಕ್ಕೆ ಅತ್ತೆಯವರು, ಹಿಂದೆ ಫ್ಲಾಸ್ಕ್ ಹಿಡಿದ ಹೆಂಡತಿ. ಅತ್ತೆಯವರು ಎದುರಿನ ಗಾಜು ನೋಡುತ್ತ, "ಅವರಿಗೆ ಹೇಳು, ಕ್ಲಚ್ ಮೇಲೆ ಕಾಲಿಟ್ಕೊಂಡು ಕೂರಬಾರ್ದು" ಎನ್ನುವರು. ಹೆಂಡತಿ, "ರೀ, ಕ್ಲಚ್ ಮೇಲೆ" ಎನ್ನುವಷ್ಟರಲ್ಲಿ ಗಾಡಿ ಎರಡು ಸಲ ಕುಪ್ಪಳಿಸಿ ನಿಂತಿರುತ್ತಿತ್ತು.

ಈ ಕಾರಿನ ಗೇರು ಇಂದಿನ ಕಾರುಗಳ ಹಾಗೆ ತಳ್ಳಿದ ಕಡೆ ಹೋಗುವುದಿಲ್ಲ. ಕೆಳಗಿನ ಗೇರಿಗೆ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಡಬೇಕು, ಆಕ್ಸಿಲರೇಟರನ್ನು ಒಂದು ಸಲ ತುಳಿದು ಎಂಜಿನ್ನಿನ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಇಷ್ಟೂ ಒಂದು ಉಸಿರಿನಲ್ಲಿ ಆಗಬೇಕು. ನಾನು ಮಾಡಿದಾಗ ಅಡಿಯಿಂದ ಕಲ್ಲಿನ ಮೇಲೆ ಕೊಡಲಿ ಮಸೆದ ಸದ್ದು ಬರುತ್ತಿತ್ತು. ಓಡುತ್ತಿರುವಾಗ ಇಳಿಸುವುದಂತೂ ಹತ್ತಕ್ಕೆ ಎಂಟು ಸಲ ಕೂಡುತ್ತಿರಲಿಲ್ಲ.

ನಾಲ್ಕನೆಯ ದಿನ ಹೆಂಡತಿ, "ನಂಗೆ ಮುಂದೆ ಬಗ್ಗಿ ಬಗ್ಗಿ ಕತ್ತು ಹಿಡ್ಕೊಂಡ್ಬುಡ್ತು. ಅಮ್ಮಾ, ನೀನೇ ಹೇಳ್ಬಾರ್ದೇನೆ ಅವರಿಗೆ," ಎಂದು ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆಹೋದಳು. ಅತ್ತೆಯವರು ಅಳಿಯನಿಗೆ ಹೇಳಲಿಲ್ಲ. ಕಾರಿಗೆ ಹೇಳತೊಡಗಿದರು.

"ಅಯ್ಯೋ ತಾಯಿ, ಹಲ್ಲು ಕಡಿಸ್ತಾರಲ್ಲೇ ನಿಂಗೆ," ಎಂದು ಡ್ಯಾಶ್‌ಬೋರ್ಡ್ ಸವರುವರು. "ಆಕ್ಸಿಲರೇಟರ್ ತುಳಿಯೋದು ಮರ್ತೋಯ್ತು ನೋಡು. ಇನ್ನೊಂದ್ಸಲ ಮಾಡ್ತಾರೆ, ತಡ್ಕೋ."

ನಾನು ಇನ್ನೊಂದು ಸಲ ಮಾಡುವೆ. "ಹ್ಞೂ, ಇದು ಪರವಾಗಿಲ್ಲ," ಎಂದು ಅವರು ಕಾರನ್ನೇ ಹೊಗಳುವರು.

ನಮ್ಮ ಪಾಠ ಹೀಗೆ ಸಾಗಿತು. ಕಾರಿಗೆ ಬಣ್ಣ ಬಂದಿತ್ತೇ ಹೊರತು ಬುದ್ಧಿ ಬಂದಿರಲಿಲ್ಲ. ಬ್ರೇಕ್ ತುಳಿದರೆ ಎಡಕ್ಕೆ ಎಳೆಯುತ್ತಿತ್ತು. ಮೇಸ್ತ್ರಿ ಚಕ್ರದ ಡ್ರಮ್ಮುಗಳನ್ನು ಬಿಚ್ಚಿ, ಕಡಕೊಳದ ಲೇತ್ ಶಾಪಿನಲ್ಲಿ ಹೆರೆಸಿಕೊಂಡು ಬಂದು ಕೂರಿಸಿದರು. ಬಿಸಿಲೇರಿದರೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದರೆ ಹತ್ತು ನಿಮಿಷಕ್ಕೆ ಮತ್ತೆ ಏಳುತ್ತಿತ್ತು. ನಾನು ಒಂದು ನೋಟ್‌ಬುಕ್ಕಿನಲ್ಲಿ ಕೇಳಿದ ಸದ್ದುಗಳನ್ನೆಲ್ಲ ಬರೆದಿಟ್ಟು ಮೇಸ್ತ್ರಿಗೆ ಒಪ್ಪಿಸುತ್ತಿದ್ದೆ: ಮೂರನೇ ಗೇರಿನಲ್ಲಿ ಜಿಂಯ್, ತಿರುಗುವಾಗ ಟಕ್. ಅವರು ಕನ್ನಡಕ ಏರಿಸಿ ಓದಿ, "ಇವೆಲ್ಲ ಅದರ ಮಾತು ಸಾ. ಮಾತಾಡ್ಲಿ ಬುಡಿ. ಸುಮ್ಮನಾದಾಗ ಹೇಳಿ," ಎಂದು ಹಿಂದಕ್ಕೆ ಕೊಡುವರು.

ಆದರೆ ಒಂದು ರೋಗ ಮಾತ್ರ ಮೇಸ್ತ್ರಿಗೂ ತಿಳಿಯಲಿಲ್ಲ. ವಾರವೆಲ್ಲ ಸರಿಯಾಗಿದ್ದ ಕಾರು ಶುಕ್ರವಾರ ಕುದಿಯುತ್ತಿತ್ತು. ಮೊದಲ ಶುಕ್ರವಾರ ಮೃಗಾಲಯದ ಹತ್ತಿರ ಬಾನೆಟ್ಟಿನಿಂದ ಹಬೆ ಎದ್ದಿತು. ಎರಡನೆಯ ಶುಕ್ರವಾರ ಸರ್ಕಲ್ಲಿನ ನಡುವೆ ನಿಂತಿತು, ಆಟೊದವರೊಬ್ಬರು ಇಳಿದು ಬಂದು, "ಏನ್ ಸಾರ್, ಇಡ್ಲಿಗಿಟ್ಟಿದೀರಾ?" ಎಂದು ಕೇಳಿ, ತಾವೇ ತಳ್ಳಿಕೊಟ್ಟರು. ಮೇಸ್ತ್ರಿ ರೇಡಿಯೇಟರ್ ತೊಳೆದರು, ನೀರಿನ ಪಂಪಿನ ವಾಷರ್ ಬದಲಿಸಿದರು, ಹೋಸು ಬದಲಿಸಿದರು. ಮೂರನೆಯ ಶುಕ್ರವಾರ ಮತ್ತೆ ಹಬೆ. ಆಗ ಮೇಸ್ತ್ರಿ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದರು:

"ಇದನ್ನ ಯಾರು ಸಾ ಕಟ್ಟಿದ್ದು?"

ಕಟ್ಟಿದ್ದು ನಾನು. ಪಾಠ ಶುರುವಾದಾಗಿನಿಂದ ನನಗೆ ಪುಕಪುಕ. ಶುಕ್ರವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ನಾಲ್ಕು ಮಾರು ಸೇವಂತಿಗೆ ತಂದು, ಮುಂದಿನ ಜಾಲರಿ ಪೂರ್ತಿ ಮುಚ್ಚುವ ಹಾಗೆ ಸಾಲು ಸಾಲಾಗಿ ಸುತ್ತಿ, ಕೈಮುಗಿದು ಹೊರಡುತ್ತಿದ್ದೆ. ಹೂ ತೆಳ್ಳಗಿದ್ದರೆ ರಕ್ಷಣೆಯೂ ತೆಳ್ಳಗಾದೀತೆಂದು ಒತ್ತಾಗಿ ಕಟ್ಟಿದ್ದನ್ನೇ ಆರಿಸುತ್ತಿದ್ದೆ.

"ರೇಡಿಯೇಟರ್‌ಗೆ ಉಸಿರು ಕಟ್ಟಿಸ್ಬುಟ್ಟಿದೀರಲ್ಲ ಸಾ," ಎಂದು ಮೇಸ್ತ್ರಿ ಹೂ ಬಿಚ್ಚಿ ಕೈಯಲ್ಲಿ ಕೊಟ್ಟರು. ಗಾಡಿ ಆಮೇಲೆ ಕುದಿಯಲಿಲ್ಲ.

ನನಗೆ ನಾಚಿಕೆಯಾದದ್ದು ಹೌದು. ಆದರೆ ಹೆದರಿಕೆಯಾದದ್ದು ಆ ಸಂಜೆ, ಹೆಂಡತಿ ಹೇಳಿದ ಮಾತಿಗೆ. "ಅಮ್ಮಂಗೆ ಮೊದಲ್ನೇ ವಾರನೇ ಗೊತ್ತಿತ್ತಂತೆ. ಅಳಿಯಂದ್ರು ಭಕ್ತಿಯಿಂದ ಹಾಕಿದ ಹೂವು, ತೆಗೀರಿ ಅಂತ ಹೆಂಗೆ ಹೇಳ್ಲಿ ಅಂದ್ರು."

ಮೂರು ಶುಕ್ರವಾರ ಎಂಜಿನ್ ಕುದಿಯುವುದನ್ನು ಪಕ್ಕದಲ್ಲೇ ಕೂತು ನೋಡಿದ್ದರು. ಮೂರು ವರ್ಷ ಕಾದು ಎಬ್ಬಿಸಿದ ಕಾರು. ಆದರೂ ಅಳಿಯನ ತಪ್ಪನ್ನು ಅಳಿಯನಿಗೆ ಹೇಳಲಿಲ್ಲ. ಬೆಟ್ಟದ ಮೇಲೆ ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದರೆ? ಆ ರಾತ್ರಿ ನನ್ನ ತಲೆಯಲ್ಲಿ ಒಂದು ಫೈಲು ತಾನಾಗಿ ತೆರೆದುಕೊಂಡಿತು. ಅದರ ಮೊದಲ ಪುಟದಲ್ಲಿ ನನ್ನ ಕೈಬರಹವಿತ್ತು.

ಪಿತೃಪಕ್ಷಕ್ಕೆ ನಾಲ್ಕು ದಿನ ಉಳಿದಿತ್ತು. ಬುಧವಾರ ಬೆಳಿಗ್ಗೆ ಹೊರಟೆವು. ಭಾವಮೈದ ಹಿಂದಿನ ದಿನವೇ ಫೋನು ಮಾಡಿ, ಶನಿವಾರಕ್ಕೆ ಲಾರಿ ಗೊತ್ತಾಗಿದೆ, ಬೇಡವಾದರೆ ತಿಳಿಸಿ ಎಂದಿದ್ದ. ಬೇಡವಾಗುವುದಿಲ್ಲ ಎಂಬ ನಂಬಿಕೆ ಅವನ ದನಿಯಲ್ಲಿತ್ತು. ಮೇಸ್ತ್ರಿ ಎರಡು ಮರದ ತುಂಡುಗಳನ್ನು ಕೊಟ್ಟು, ನಿಲ್ಲಿಸಿದ ಕಡೆ ಚಕ್ರಕ್ಕೆ ಕೊಡಿ ಎಂದಿದ್ದರು. ನಾನು ಅದರ ಜೊತೆಗೆ ಎರಡು ಕ್ಯಾನ್ ನೀರು, ಒದ್ದೆ ಬಟ್ಟೆ, ಹಗ್ಗ, ಟಾರ್ಚು, ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲವನ್ನೂ ತುಂಬಿಕೊಂಡೆ. ದಾರಿಯಲ್ಲಿ ನಿಂತರೆ ಮೇಸ್ತ್ರಿಯನ್ನು ಕರೆತರಲು ಒಂದು ಗಾಡಿ ಬೇಕೆಂದು ಹೆಂಡತಿ ತನ್ನ ಕಾರಿನಲ್ಲಿ ಪೂಜೆಯ ಸಾಮಾನಿನೊಡನೆ ಹಿಂದೆ ಬಂದಳು. ಹಾಗಾಗಿ ಈ ಕಾರಿನಲ್ಲಿ ನಾನು, ಅತ್ತೆಯವರು ಇಬ್ಬರೇ. ನಡುವೆ ಮಾತು ದಾಟಿಸುವವರಿಲ್ಲ.

ಹತ್ತುವುದು ನಾನೆಣಿಸಿದಷ್ಟು ಕೆಟ್ಟದಾಗಿರಲಿಲ್ಲ. ಎರಡನೇ ಗೇರಿಗೆ ಹಾಕಿದವನು ಮೇಲಿನವರೆಗೂ ಗೇರನ್ನು ಮುಟ್ಟಲೇ ಇಲ್ಲ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆದು ಹೊಡೆದು ಬೇಸತ್ತು, ತಿರುವಿನಲ್ಲಿ ದಾಟಿಕೊಂಡು ಹೋಯಿತು. ನೀರಿನ ಬಿಸಿ ತೋರಿಸುವ ಮುಳ್ಳು ನಡುವಿನಲ್ಲೇ ನಿಂತಿತ್ತು. ಅತ್ತೆಯವರು ಕಾರಿಗೂ ಏನೂ ಹೇಳಲಿಲ್ಲ, ಸೀಟಿನ ತುದಿಯಲ್ಲಿ ಕೂತು ಸದ್ದು ಕೇಳುತ್ತಿದ್ದರು. ಮೇಲೆ ದೇವಸ್ಥಾನದ ಮುಂದೆ ಪೂಜೆಯವರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಹಾರ ಹಾಕಲು ಬಂದಾಗ ನಾನು ಅಡ್ಡ ನಿಂತು, ಒಳಗೆ ಡ್ಯಾಶ್‌ಬೋರ್ಡಿನ ಮೇಲೆ ಹಾಕಿಸಿದೆ. ಅತ್ತೆಯವರು ಸೆರಗಿನ ಮರೆಯಲ್ಲಿ ನಕ್ಕ ಹಾಗಿತ್ತು.

ಹೊರಡುವಾಗ ನೋಡಿದರೆ ಹೆಂಡತಿಯ ಕಾರಿಗೆ ಅಡ್ಡವಾಗಿ ಯಾರೋ ವ್ಯಾನು ನಿಲ್ಲಿಸಿ ದರ್ಶನಕ್ಕೆ ಹೋಗಿದ್ದರು. "ನೀವು ನಿಧಾನಕ್ಕೆ ಇಳೀತಾ ಇರಿ, ಬಂದ್ಬುಡ್ತೀನಿ" ಎಂದಳು. ನಿಂಬೆಹಣ್ಣುಗಳು ಪಚಕ್ಕೆಂದವು. ಹೊರಟೆವು.

ಮೊದಲ ಇಳಿಜಾರನ್ನು ಎರಡನೇ ಗೇರಿನಲ್ಲೇ ಇಳಿದೆ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದರು. ಆದರೆ ಇಳಿಯುವಾಗ ಆ ಗೇರಿನಲ್ಲಿ ಎಂಜಿನ್ನಿನಿಂದ ಒಂದು ಸದ್ದು ಏಳುತ್ತದೆ, ಮಗು ಹಟ ಹಿಡಿದು ಅತ್ತ ಹಾಗೆ, ಏರುತ್ತಲೇ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಇಲ್ಲದ ಸದ್ದು. ಅದನ್ನು ನನಗೆ ತಡೆಯಲಾಗಲಿಲ್ಲ. ಏನೋ ಒಡೆದುಹೋಗುತ್ತದೆ ಎನ್ನಿಸಿತು. ಜೊತೆಗೆ ಮೂವತ್ತು ವರ್ಷದ ಸ್ಕೂಟರಿನ ಅಭ್ಯಾಸ. ಮೈಸೂರಿನಲ್ಲಿ ಸ್ಕೂಟರ್ ಇಟ್ಟ ನಮ್ಮಪ್ಪನಂಥವರೆಲ್ಲ ಇಳಿಜಾರು ಕಂಡೊಡನೆ ನ್ಯೂಟ್ರಲ್ ಮಾಡಿ, ಪೆಟ್ರೋಲ್ ಉಳಿಯಿತೆಂದು ಸಮಾಧಾನಪಟ್ಟುಕೊಂಡು ಇಳಿದವರೇ. ನಾನೂ ಅದನ್ನೇ ಕಲಿತವನು. ಎರಡನೆಯ ತಿರುವು ಮುಗಿಯುತ್ತಿದ್ದ ಹಾಗೆ ನನ್ನ ಕೈ ತಾನಾಗಿ ಗೇರನ್ನು ನ್ಯೂಟ್ರಲ್‌ಗೆ ತಂದಿತು.

ಸದ್ದು ನಿಂತಿತು. ಗಾಳಿಯ ಸುಯ್ಲು ಮಾತ್ರ. ಎಷ್ಟು ಹಾಯೆನಿಸಿತೆಂದರೆ ಭುಜಗಳು ಇಳಿದವು.

ಅತ್ತೆಯವರ ಬೆನ್ನು ನೆಟ್ಟಗಾಯಿತು. ಅವರು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟರು. "ಏನೇ ತಾಯಿ," ಎಂದರು ಕಾರಿಗೆ, "ಹಿಡಿಯೋರಿಲ್ದೆ ಇಳೀತಿದೀಯಲ್ಲ."

ಕೇಳಿಸಿತು. ಅರ್ಥವೂ ಆಯಿತು. ಇದನ್ನು ಮುಚ್ಚಿಟ್ಟರೆ ಬರೆದೂ ಪ್ರಯೋಜನವಿಲ್ಲ. ಕೇಳಿಸಿ, ಅರ್ಥವಾಗಿ, ನಾನು ಏನೂ ಮಾಡಲಿಲ್ಲ. ಓಡುವ ಗಾಡಿಯನ್ನು ಮತ್ತೆ ಗೇರಿಗೆ ಹಾಕಬೇಕಾದರೆ ಆ ಎರಡು ಸಲ ಕ್ಲಚ್ ಒತ್ತುವ ಕಸರತ್ತು ಆಗಬೇಕು. ಹತ್ತಕ್ಕೆ ಎಂಟು ಸಲ ಕೂಡದ ಕಸರತ್ತು. ಇನ್ನೊಂದು ತಿರುವು ಆಗಲಿ, ಸ್ವಲ್ಪ ಸಮ ಸಿಗಲಿ ಎಂದುಕೊಂಡೆ. ಅಲ್ಲಿಯತನಕ ಬ್ರೇಕ್ ಇದೆಯಲ್ಲ. ಒತ್ತಿದೆ, ಹಿಡಿಯಿತು. ತಿರುಗಿದೆ. ಮತ್ತೆ ಒತ್ತಿದೆ. ಸಮ ಸಿಗಲಿಲ್ಲ.

ಮೂರನೆಯ ತಿರುವಿನಲ್ಲಿ ವಾಸನೆ ಬಂತು, ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಮರೆತ ಹಾಗೆ. ಪೆಡಲು ಮೊದಲಿಗಿಂತ ಕೆಳಗೆ ಹೋಯಿತು. ಇನ್ನೂ ಒತ್ತಿದೆ. ಗಾಡಿಯ ಓಟ ಇಳಿಯಲಿಲ್ಲ. ಇಪ್ಪತ್ತಾರು ವರ್ಷ ಓದಿದ ವಾಕ್ಯ ಕಾಲಡಿ ಮೆತ್ತಗಾಗಿ ಸಿಕ್ಕಿತು. ಎದುರಿನಿಂದ ಒಂದು ಬಸ್ಸು ಏರುತ್ತಿತ್ತು. ಅದರಾಚೆ ಮೆಟ್ಟಿಲ ದಾರಿ ರಸ್ತೆಗೆ ಕೂಡುವ ಕಡೆ ಮೆಟ್ಟಿಲಿಗೆಲ್ಲ ಕುಂಕುಮ ಹಚ್ಚುವ ಹರಕೆ ಹೊತ್ತ ಹೆಂಗಸರ ಗುಂಪೊಂದು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ದಾಟಲು ನಿಂತಿತ್ತು. ಅವರಲ್ಲೊಬ್ಬರು ನಮ್ಮ ಕಾರಿನ ಚಂದ ನೋಡಿ ಪಕ್ಕದವರಿಗೆ ತೋರಿಸುತ್ತಿದ್ದರು.

"ಬ್ರೇಕು," ಎಂದೆ. ಮುಂದಿನದು ಬಾಯಿಂದ ಹೊರಡಲಿಲ್ಲ.

"ಲೋ, ಕೇಳೋ ಇಲ್ಲಿ."

ಯಾರ ದನಿ ಎಂದು ಮೊದಲು ಗೊತ್ತಾಗಲಿಲ್ಲ. ನಲವತ್ತು ಹುಡುಗರ ತರಗತಿಯ ಕೊನೆಯ ಬೆಂಚಿಗೆ ತಲುಪುವ ದನಿ, ಆದರೆ ಕೂಗಾಟವಲ್ಲ.

"ಬ್ರೇಕಿಂದ ಕಾಲ್ ತೆಗಿ."

ತೆಗೆದೆ. ಅದು ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ. ಗಾಡಿ ಮುನ್ನುಗ್ಗಿತು.

"ನ್ಯೂಟ್ರಲ್ಲಲ್ಲೇ ಇದೀಯ, ಒಳ್ಳೇದು. ಆಕ್ಸಿಲರೇಟರ್ ತುಳಿ. ಜೋರಾಗಿ ತುಳಿಯೋ. ಇಳಿಜಾರಲ್ಲಿ ತುಳಿಯಕ್ಕೆ ಹೆದರ್ಬೇಡ. ಹ್ಞಾ. ಕ್ಲಚ್. ಮೂರಕ್ಕೆ ಹಾಕು."

ಕೂಡಿತು. ಸದ್ದಿಲ್ಲದೆ ಕೂಡಿತು. ಗಾಡಿಯನ್ನು ಹಿಂದಿನಿಂದ ಯಾರೋ ಹಿಡಿದೆಳೆದ ಹಾಗಾಯಿತು. ಬಸ್ಸು ಪಕ್ಕದಲ್ಲಿ ಹಾದುಹೋಯಿತು.

"ಹ್ಯಾಂಡ್‌ಬ್ರೇಕ್ ಮೆತ್ತಗೆ ಎಳಿ, ಬುಡು, ಎಳಿ, ಬುಡು. ಹಾರ್ನ್ ಹೊಡಿ. ಈಗ ಎರಡಕ್ಕೆ. ಅದೇ ಥರ. ಕ್ಲಚ್, ಬುಡು, ತುಳಿ, ಕ್ಲಚ್, ಹಾಕು. ಎಣಿಸ್ಕೋಬೇಡ, ಹಾಕು."

ಹಾಕಿದೆ. ಎಂಜಿನ್ ಅಳತೊಡಗಿತು, ನಾನು ಹೆದರಿದ್ದ ಅದೇ ಅಳು. ಹೆಂಗಸರು ಹಾರ್ನ್ ಕೇಳಿ ಹಿಂದೆ ಸರಿದರು. ನಮ್ಮ ಓಟ ಸೈಕಲ್ಲಿನಷ್ಟಾಯಿತು, ಆಮೇಲೆ ನಡೆಯುವವರಷ್ಟು. "ಎಡಕ್ಕೆ, ಮಣ್ಣಿಗಿಳಿಸು," ಎಂದರು. ಮಣ್ಣಿನಲ್ಲಿ ಇಳಿದು, ಹ್ಯಾಂಡ್‌ಬ್ರೇಕಿನ ಕೊನೆಯ ಹಲ್ಲಿಗೆ ಕಾರು ನಿಂತಿತು.

ನಾನು ಇಳಿದು ಮರದ ತುಂಡುಗಳನ್ನು ಚಕ್ರಕ್ಕೆ ಕೊಟ್ಟೆ. ಒಂದು ತುಂಡು ಕೈಯಿಂದ ಎರಡು ಸಲ ಬಿತ್ತು. ಮುಂದಿನ ಚಕ್ರಗಳಿಂದ ತೆಳ್ಳನೆ ಹೊಗೆ ಬರುತ್ತಿತ್ತು. ನೀರು ಸುರಿಯಲು ಕ್ಯಾನ್ ಎತ್ತಿದೆ. ಒಳಗಿಂದ, "ಬೇಡ, ಡ್ರಮ್ಮು ಸೀಳತ್ತೆ. ತಾನೇ ಆರ್ಲಿ," ಎಂಬ ಮಾತು ಬಂತು. ಕ್ಯಾನ್ ಇಳಿಸಿ ವಾಪಸು ಬಂದು ಕೂತೆ.

ಕೆಳಗೆ ಊರು ಕಾಣುತ್ತಿತ್ತು. ಅತ್ತೆಯವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕತ್ತನ್ನು ನಿಧಾನವಾಗಿ ಆಚೆಯಿಂದ ಈಚೆಗೆ ತಿರುಗಿಸುತ್ತಿದ್ದರು. ಊರನ್ನು ಅವರು ಒಂದೇ ಸಲಕ್ಕೆ ನೋಡಲಾರರು, ತುಂಡು ತುಂಡಾಗಿ ನೋಡಬೇಕು ಎಂಬುದು ನನಗೆ ಆಮೇಲೆ ಹೊಳೆಯಿತು.

"ಬಾಯಿ ತಪ್ಪಿ ಬಂತು," ಎಂದರು ಕಿಟಕಿಯ ಕಡೆಗೆ. "ತಪ್ಪು ತಿಳ್ಕೋಬಾರ್ದು."

ಲೋ ಎಂದದ್ದರ ಬಗ್ಗೆ ಹೇಳುತ್ತಿದ್ದರು. ಬ್ರೇಕಿನ ಬಗ್ಗೆ ಅಲ್ಲ, ನನ್ನ ತಪ್ಪಿನ ಬಗ್ಗೆ ಅಲ್ಲ. ನನಗೆ ಅಳು ಬಂದ ಹಾಗಾಯಿತು. ಅವರ ಕಡೆ ತಿರುಗಿ, ನಾನೂ ಮೊದಲ ಸಲ ನೇರವಾಗಿ ಹೇಳಿದೆ: "ಅತ್ತೆ, ನನ್ನ ಕೈಲಾಗಲ್ಲ. ನಿಮ್ಮನ್ನ ಸಾಯಿಸ್ಬುಡ್ತಿದ್ದೆ. ಶನಿವಾರ ಲಾರಿ ಬರ್ಲಿ. ತಗೊಂಡೋಗ್ಲಿ ಬಿಡಿ."

ಹೇಳಿದಾಗ ಎದೆ ಹಗುರಾದದ್ದೂ ನಿಜ. ಹುಲ್ಲಿನ ಮೇಲೆ, ಕುಂಡಗಳ ಜೊತೆ, ಎಲ್ಲೂ ಇಳಿಯದ ಎಲ್ಲೂ ಏರದ ಕಾರು. ಯಾರಿಗೂ ಏನೂ ಆಗುವುದಿಲ್ಲ.

ಅತ್ತೆಯವರು ಡ್ಯಾಶ್‌ಬೋರ್ಡಿನ ಮೇಲಿನ ಹಾರವನ್ನು ಸರಿಮಾಡಿದರು. "ನಾನೂ ಒಂದ್ಸಲ ಹೀಗೇ ಇಳಿಸಿದೀನಿ," ಎಂದರು. "ಇದೇ ರಸ್ತೆ. ನ್ಯೂಟ್ರಲ್ ಮಾಡ್ಕೊಂಡು. ಮಣ್ಣಿನ ದಿಬ್ಬಕ್ಕೆ ಉಜ್ಜಿ ನಿಲ್ಲಿಸ್ದೆ. ನಿಮ್ಮ ಮಾವ ಪಕ್ಕದಲ್ಲಿ ಪೇಪರ್ ಓದ್ತಿದ್ರು. ಯಾಕೆ ನಿಲ್ಲಿಸ್ದೆ ಅಂದ್ರು. ಊರು ಚೆನ್ನಾಗ್ ಕಾಣ್ಸತ್ತೆ ನೋಡಿ ಅಂದೆ. ಹೌದಲ್ವಾ ಅಂತ ನೋಡಿ ಮತ್ತೆ ಪೇಪರ್ ತಗೊಂಡ್ರು."

ನನಗೆ ನಗು ಬಂತು. ಅವರಿಗೂ ಬಂದಿರಬೇಕು, ಸೆರಗು ಅಲುಗಿತು.

"ಅವತ್ತಿಂದ ಈ ಕಡೆ ಬಂದಾಗೆಲ್ಲ ಎರಡ್ನೇ ಗೇರು," ಎಂದರು. "ಅಳತ್ತೆ. ಅಳ್ಲಿ. ಅತ್ರೆ ಹಿಡ್ಕೊಂಡಿದೆ ಅಂತ." ಆಮೇಲೆ, ಇನ್ನೂ ಮೆಲ್ಲಗೆ, "ಈಗ ಹೇಳಿದ್ದನ್ನ ಕೆಳಗೆ ಹೋದ್ಮೇಲೆ ಹೇಳಿ. ಆಗ ನಾನು ಬೇಡ ಅನ್ನಲ್ಲ. ಇಲ್ಲಿ ಹೇಳ್ಬೇಡಿ."

ಮುಕ್ಕಾಲು ಗಂಟೆ ಕಾದೆವು. ಡ್ರಮ್ಮುಗಳಿಗೆ ಕೈ ತಾಗಿಸುವಷ್ಟು ತಣಿದ ಮೇಲೆ ಬ್ರೇಕ್ ಒತ್ತಿ ನೋಡಿದೆ. ಪೆಡಲು ಗಟ್ಟಿಯಾಗಿತ್ತು. ಅದರ ಮೇಲೆ ನಂಬಿಕೆ ಮಾತ್ರ ಬರಲಿಲ್ಲ. ಮರದ ತುಂಡು ತೆಗೆದು, ನಿಂತಲ್ಲೇ ಎರಡನೇ ಗೇರು ಹಾಕಿ, ಕ್ಲಚ್ ಬಿಟ್ಟೆ.

ಉಳಿದ ಇಳಿಜಾರು ಎಷ್ಟು ಉದ್ದ ಎಂಬುದನ್ನು ಸ್ಕೂಟರಿನಲ್ಲಿ ನೂರು ಸಲ ಇಳಿದರೂ ನಾನು ಕಂಡಿರಲಿಲ್ಲ. ಎಂಜಿನ್ ಅಳುತ್ತಲೇ ಇತ್ತು. ಎಡ ಕೈ ಗೇರಿನ ಮೇಲೆ ಹೋದಾಗಲೆಲ್ಲ ಹಿಂದಕ್ಕೆ ತಂದೆ. ಅಂಗೈಯ ಬೆವರಿಗೆ ಸ್ಟೀರಿಂಗ್ ಜಾರುತ್ತಿತ್ತು. ಪ್ರತಿ ತಿರುವಿನಲ್ಲೂ ಒಡೆಯುವುದು ಈಗಲೇ, ಈಗಲೇ ಎನಿಸಿತು. ಒಡೆಯಲಿಲ್ಲ. ಬ್ರೇಕನ್ನು ನಾಲ್ಕೇ ಸಲ ಮುಟ್ಟಿದೆ, ಎಣಿಸಿಕೊಂಡಿದ್ದೇನೆ. ಮೂರು ಸಲ ತಿರುವಿಗೆ, ಒಂದು ಸಲ ರಸ್ತೆ ದಾಟಿದ ಮಂಗಕ್ಕೆ. ಅತ್ತೆಯವರು ಕೆಳಗಿನವರೆಗೂ ತುಟಿ ಬಿಚ್ಚಲಿಲ್ಲ, ಕಾರಿಗೂ ಏನೂ ಹೇಳಲಿಲ್ಲ. ಅದು ನನಗೆ ಹೆದರಿಕೆಯನ್ನೂ ಧೈರ್ಯವನ್ನೂ ಒಟ್ಟಿಗೆ ಕೊಟ್ಟಿತು.

ಬೆಟ್ಟದ ಬುಡದಲ್ಲಿ ಎಳನೀರಿನವರ ಮರದ ನೆರಳಿಗೆ 'ಗಿಳಿರೆಕ್ಕೆ' ಹೊರಹಾಕಿ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಲಾರಿಯ ಮಾತು ಎತ್ತಬೇಕಾದ ಜಾಗ ಅದೇ. ಬೇಕಾದ ವಾಕ್ಯವೂ ಸಿದ್ಧವಿತ್ತು. ಅತ್ತೆಯವರು ಕಾಯುತ್ತಿದ್ದರು, ಮಡಿಲಲ್ಲಿ ಪ್ರಸಾದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಕೈಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ.

ಆಮೇಲೆ ಡ್ಯಾಶ್‌ಬೋರ್ಡಿನ ಕಡೆ ತಿರುಗಿದರು. "ಏನೇ ತಾಯಿ, ಅವರೇನೋ ಹೇಳ್ಬೇಕು ಅಂತಿದ್ರಲ್ಲ, ಕೇಳು."

ನಾನೂ ಡ್ಯಾಶ್‌ಬೋರ್ಡನ್ನೇ ನೋಡಿದೆ. "ಏನಿಲ್ಲ ಅಂತ ಹೇಳಮ್ಮ."

ಪೊಟ್ಟಣ ಹಿಡಿದ ಕೈ ಸಡಿಲವಾಯಿತು. ಹೆಂಡತಿಯ ಕಾರು ಬಂದು ಹಿಂದೆ ನಿಂತಿತು. ಅವಳು ಇಳಿದು ಬಂದು, ಕಿಟಕಿಯಲ್ಲಿ ಬಗ್ಗಿ, ಮೂಗು ಎಳೆದು, "ಏನೋ ಸುಟ್ಟ ವಾಸ್ನೆ. ಆ ವ್ಯಾನಿನವರು ಬರೋಷ್ಟ್ರಲ್ಲಿ ನಂಗೇ ಒಂದ್ ಗಂಟೆ ಆಯ್ತು, ನೀವಿನ್ನೂ ಇಲ್ಲೇ ಇದೀರಾ? ಏನಾಯ್ತು?" ಎಂದಳು.

"ಊರು ನೋಡ್ತಿದ್ವಿ," ಎಂದರು ಅತ್ತೆಯವರು. "ನಿನ್ನ ತಮ್ಮಂಗೆ ಫೋನ್ ಹಚ್ಚಿ ಕೊಡು."

ಅವರು ಮಗನೊಡನೆ ಆಡಿದ್ದು ಒಂದೇ ಮಾತು, ಲಾರಿ ಬೇಡ ಎಂದು. ಅವನು ಆ ಕಡೆಯಿಂದ ಬಹಳ ಹೇಳುತ್ತಿದ್ದ. ಅವರು ಫೋನನ್ನು ಕಿವಿಯಿಂದ ಇಳಿಸಿ, ಅದು ಇನ್ನೂ ಮಾತಾಡುತ್ತಿರುವಾಗಲೇ ಮಗಳ ಕೈಗೆ ಕೊಟ್ಟರು. ಮೇಸ್ತ್ರಿ ಮರುದಿನ ಬ್ರೇಕ್ ಬಿಚ್ಚಿ, ಕರಿಹಿಡಿದ ಲೈನಿಂಗನ್ನು ನನ್ನ ಮುಂದೆ ಹಿಡಿದು, "ನ್ಯೂಟ್ರಲ್ ಮಾಡಿದ್ರಾ ಸಾ?" ಎಂದು ಕೇಳಿದರು. ಪಕ್ಕದಲ್ಲಿ ಅತ್ತೆಯವರಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಮೇಸ್ತ್ರಿಗೆ, "ಲೈನಿಂಗು ಹಳೇದಿರ್ಬೇಕು, ಬದಲಾಯ್ಸಿ," ಎಂದರು. ಮೇಸ್ತ್ರಿ ನನ್ನ ಮುಖ ನೋಡಿ, ಕನ್ನಡಕ ಇಳಿಸಿ, ಕೆಲಸಕ್ಕೆ ಬಗ್ಗಿದರು.

ಈಗ ತಿಂಗಳಿಗೊಮ್ಮೆ ಬೆಟ್ಟಕ್ಕೆ ಹೋಗುತ್ತೇವೆ, ನಾವಿಬ್ಬರೇ. ಹಿಂದಿನ ರಾತ್ರಿ ನನಗೆ ಈಗಲೂ ನಿದ್ದೆ ಬರುವುದಿಲ್ಲ. ಅತ್ತೆಯವರು ಕಾಫಿಯನ್ನು ಮಗಳ ಮೂಲಕವೇ ಕೇಳಿಸುತ್ತಾರೆ. ಇಳಿಯುವಾಗ ಆ ಮಣ್ಣಿನ ಜಾಗ ಬಂದಾಗ ನಿಲ್ಲಿಸುತ್ತೇನೆ. ಅವರು ಕತ್ತು ತಿರುಗಿಸುತ್ತ ಊರು ನೋಡುತ್ತಾರೆ, ಪ್ರತಿ ಸಲವೂ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ. ಶುಕ್ರವಾರದ ಸೇವಂತಿಗೆಯನ್ನು ನಾನು ಬಿಟ್ಟಿಲ್ಲ. ಹಿಂದಿನ ಬಂಪರಿಗೆ ಕಟ್ಟುತ್ತೇನೆ.